ಒಂಟೆ, ಮೊಸಳೆ, ಇಲಿ: ಮಕ್ಕಳ ಜೊತೆ ನಗುವುದು ಹೇಗೆ?

ಅಹಮದಾಬಾದಿನ ಹಳೇ ಊರಿನಲ್ಲಿ, ಕಾಳುಪುರದ ಸ್ವಾಮಿನಾರಾಯಣ ದೇವಸ್ಥಾನದಿಂದ ಸ್ವಲ್ಪ ದೂರ ನಡೆದರೆ ಲಂಬೇಶ್ವರನ ಪೋಳ್ ಸಿಗುತ್ತದೆ. ಪೋಳ್ ಎಂದರೆ ಇಕ್ಕಟ್ಟಾದ ಓಣಿಯ ಎರಡೂ ಬದಿಗೆ ಬೆಳೆದುಕೊಂಡ ಕೇರಿ. 2017ರಲ್ಲಿ ಯುನೆಸ್ಕೋ ಈ ಹಳೇ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಇಲ್ಲಿ ಕ್ಯಾಮೆರಾ ಹಿಡಿದು ಅಡ್ಡಾಡುವವರು ಹೆಚ್ಚಾಗಿದ್ದಾರೆ. ಪೋಳಿನ ಒಳಗೊಂದು ಚಿಕ್ಕ ಚೌಕ. ಅಲ್ಲಿ ಮನೆಯ ಜಗಲಿಯ ಮೇಲೆ ಕೂತ ಹಿರಿಯರಂತೆ ಗುಜರಾತಿ ಕವಿ ದಲಪತರಾಮರ ಕಂಚಿನ ಪ್ರತಿಮೆ ಕೂತಿದೆ. ಅವರ ಮನೆ ಇದ್ದ ಜಾಗ ಅದು.

ಕಳೆದ ಚಳಿಗಾಲದಲ್ಲಿ ಆರು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಸೀದಾ ಹೋಗಿ ಕವಿಯ ಮಗ್ಗುಲಲ್ಲೇ ಕೂತಳು. "ಒಂಟೆ ಪದ್ಯ ಬರೆದ ದಾದಾ ಇವರೇನಾ?" ಎಂದು ಗುಜರಾತಿಯಲ್ಲಿ ಕೇಳಿ, ನನ್ನ ಉತ್ತರಕ್ಕೂ ಕಾಯದೆ ಪದ್ಯ ಶುರುಮಾಡಿದಳು. ಒಂಟೆಯ ಮಾತು ಬಂದಾಗ ಕತ್ತು ಉದ್ದ ಮಾಡಿದಳು, ಮೂಗು ಮೇಲೆತ್ತಿದಳು. ನರಿಯ ಸರದಿ ಬಂದಾಗ ದನಿ ಸಣ್ಣದಾಯಿತು. ಕೊನೆಯ ಸಾಲಿಗೆ ಮುಟ್ಟುವ ಮೊದಲೇ ನಗು ಉಕ್ಕಿತು. ಹಾಲಿನ ಕ್ಯಾನು ಹಿಡಿದು ಆ ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಕೊನೆಯ ಸಾಲನ್ನು ಅವಳ ಜೊತೆಗೇ ಹೇಳಿ, ನಿಲ್ಲದೆ ಮುಂದೆ ಹೋದರು.

ನನಗೂ ಉಮೇದು ಬಂತು. "ಈಗ ನಮ್ಮದೊಂದು ಹೇಳು ಪುಟ್ಟಿ, ನಾಯಿಮರಿದು" ಅಂದೆ. ನಗು ನಿಂತುಹೋಯಿತು. "ನಥೀ ಆವಡ್ತುಂ" ಅಂದಳು. ನನಗೆ ಬರಲ್ಲ ಎಂದು.

ಅದು ಸುಳ್ಳು. ಜಿ.ಪಿ. ರಾಜರತ್ನಂ ಅವರ ನಾಯಿಮರಿಯ ಪದ್ಯ ಅವಳಿಗೆ ಮೂರು ವರ್ಷಕ್ಕೇ ಬಾಯಿಗೆ ಬಂದಿತ್ತು. ಒಂದು ಭಾಷೆಯ ಪ್ರಾಣಿ ಬಾಯಲ್ಲಿ ಕುಣಿಯುತ್ತದೆ, ಇನ್ನೊಂದು ಭಾಷೆಯ ಪ್ರಾಣಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಯಾಕೆ ಹೀಗೆ? ತಪ್ಪು ಪದ್ಯದ್ದೋ, ಭಾಷೆಯದ್ದೋ, ನನ್ನದೋ? ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿದ್ದು.

ಮೊದಲು ಒಂಟೆಯ ಪದ್ಯವನ್ನೇ ನೋಡೋಣ. ದಲಪತರಾಮ್ (1820–1898) ವಢವಾಣದಲ್ಲಿ ಹುಟ್ಟಿ ಅಹಮದಾಬಾದಿನಲ್ಲಿ ಬಾಳಿದವರು. ಅಲೆಕ್ಸಾಂಡರ್ ಕಿನ್ಲಾಕ್ ಫೋರ್ಬ್ಸ್ 1848ರಲ್ಲಿ ಕಟ್ಟಿದ ಗುಜರಾತ್ ವರ್ನಾಕ್ಯುಲರ್ ಸೊಸೈಟಿಯಲ್ಲಿ ದುಡಿದವರು, 'ಬುದ್ಧಿಪ್ರಕಾಶ' ಪತ್ರಿಕೆಯ ಸಂಪಾದಕರು. ಸುಧಾರಣೆಯ ಗಂಭೀರ ಪದ್ಯಗಳನ್ನು ಬೇಕಾದಷ್ಟು ಬರೆದಿದ್ದಾರೆ. ಆದರೆ ತಲೆಮಾರುಗಳ ಗುಜರಾತಿ ಮಕ್ಕಳ ಬಾಯಲ್ಲಿ ಉಳಿದದ್ದು ಈ ಒಂಟೆ. ಪ್ರಾಣಿಗಳ ಸಭೆಯಲ್ಲಿ ಒಂಟೆ ಎದ್ದು ನಿಂತು ಎಲ್ಲರ ಡೊಂಕನ್ನೂ ಎಣಿಸುತ್ತದೆ: ಬಕದ ಕತ್ತು, ಗಿಳಿಯ ಕೊಕ್ಕು, ನಾಯಿಯ ಬಾಲ, ಆನೆಯ ಸೊಂಡಿಲು, ಹುಲಿಯ ಉಗುರು, ಎಮ್ಮೆಯ ಕೊಂಬು. ನರಿ ಸಾವಧಾನವಾಗಿ ಕೇಳಿ ಒಂದೇ ಮಾತು ಹೇಳುತ್ತದೆ. ಉಳಿದವರಿಗೆ ಒಂದೊಂದೇ ಡೊಂಕು, ತಮ್ಮಲ್ಲಿ ಹದಿನೆಂಟು ಎಂದು. ಅಷ್ಟೇ. ಗುಜರಾತಿಯಲ್ಲಿ ಒಂಟೆಯ ಹದಿನೆಂಟು ಡೊಂಕು ಈಗ ಗಾದೆಯ ಹಾಗೆ ಬಳಕೆಯಲ್ಲಿದೆ.

ಇದರ ಛಂದಸ್ಸು ಮನಹರ. ಅಕ್ಷರ ಎಣಿಸಿ ಕಟ್ಟುವ ಉದ್ದ ಸಾಲು. ಪಟ್ಟಿ ಉದ್ದವಾಗುತ್ತ ಹೋದ ಹಾಗೆ ಉಸಿರು ಕಟ್ಟುತ್ತದೆ, ನರಿಯ ಮಾತಿನಲ್ಲಿ ಉಸಿರು ಬಿಡುಗಡೆಯಾಗುತ್ತದೆ. ನಗು ಹುಟ್ಟುವುದು ಅರ್ಥದಿಂದ ಎಷ್ಟೋ, ಈ ಉಸಿರಿನ ಆಟದಿಂದಲೂ ಅಷ್ಟೇ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಪದ್ಯ ಹೇಳುವ ಮಗುವಿಗೆ ಇಲ್ಲಿ ಎರಡು ಬಾಯಿ ಸಿಗುತ್ತವೆ. ಮೊದಲು ಅದು ಒಂಟೆಯಾಗಿ ಎಲ್ಲರನ್ನೂ ಆಡಿಕೊಳ್ಳುತ್ತದೆ. ಆಡಿಕೊಳ್ಳುವುದರಲ್ಲಿ ಒಂದು ಖುಷಿಯಿದೆ ಎಂಬುದನ್ನು ಪದ್ಯ ಬಚ್ಚಿಡುವುದಿಲ್ಲ. ಆಮೇಲೆ ಮಗು ನರಿಯಾಗಿ, ತಾನೇ ಆಗಿದ್ದ ಒಂಟೆಯನ್ನು ನೋಡಿ ನಗುತ್ತದೆ. ನೀತಿಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಅದು ಮೈಯಲ್ಲಿಯೇ ನಡೆದುಹೋಗಿರುತ್ತದೆ.

ಇಂಥದ್ದು ನಮ್ಮಲ್ಲಿ ಇಲ್ಲವೇ? ಧಾರಾಳವಾಗಿದೆ. ಪುರಂದರದಾಸರ ಹೆಸರಿನಲ್ಲಿ ಪ್ರಚಲಿತವಾಗಿರುವ ಪದವೊಂದು ಡೊಂಕು ಬಾಲದ ನಾಯಿಗಳನ್ನು ನಾಯಕರೆಂದು ಕರೆದು, ಬಹುವಚನದ ಮರ್ಯಾದೆ ಕೊಟ್ಟು, ಊಟದ ವಿಚಾರ ಕೇಳುತ್ತದೆ. ಇಣುಕಿದ ಕಡೆ ಪೆಟ್ಟು ತಿಂದು ಕುಂಯ್ಗುಡುವುದಕ್ಕೂ ರಾಗವೆಂಬ ಗೌರವದ ಹೆಸರು ಕೊಡುತ್ತದೆ. ಈ ಹಾಸ್ಯ ಪೂರ್ತಿ ವ್ಯಾಕರಣದ್ದು. 'ನೀನು' ಎನ್ನಬೇಕಾದ ಕಡೆ 'ನೀವು' ಬಂದಿದೆ. ಗುಜರಾತಿಯಲ್ಲೂ 'ತುಂ', 'ತಮೇ' ಎಂಬ ಇದೇ ಅಂತರ ಇರುವುದರಿಂದ ಇಲ್ಲಿ ಬೆಳೆದ ಮಗುವಿಗೆ ಇದು ತಟ್ಟನೆ ಹಿಡಿಸುತ್ತದೆ. ಬೀದಿನಾಯಿಗೆ "ಊಟ ಆಯ್ತಾ ಸಾರ್?" ಅಂದರೆ ಯಾವ ಊರಿನ ಮಗುವೂ ನಗುತ್ತದೆ.

ಹಾಗಾದರೆ ತಪ್ಪು ಪದ್ಯದ್ದಲ್ಲ, ಭಾಷೆಯದ್ದೂ ಅಲ್ಲ. ನನ್ನದೇ ಎಂದು ಒಪ್ಪಿಕೊಳ್ಳಬೇಕು.

ಅವಳಿಗೆ ಐದು ತುಂಬಿದ ವರ್ಷ ಕನ್ನಡಿಗರ ರಾಜ್ಯೋತ್ಸವದ ಕಾರ್ಯಕ್ರಮವೊಂದರಲ್ಲಿ ನಾನು ಅವಳನ್ನು ವೇದಿಕೆ ಹತ್ತಿಸಿದ್ದೆ. ಅಳಿಯ ಗುಜರಾತಿ. ಮನೆಯ ಮಾತು ಗುಜರಾತಿ. ಮಗಳು ಕೆಲಸ ಮುಗಿಸಿ ಬರುವಷ್ಟರಲ್ಲಿ ಮಗು ಮಲಗಿರುತ್ತದೆ. ಆದರೂ ನನ್ನ ಮೊಮ್ಮಗಳಿಗೆ ಕನ್ನಡ ಬರುತ್ತದೆ ಎಂದು ನಾಲ್ಕು ಜನಕ್ಕೆ ತೋರಿಸುವ ಚಪಲ ನನಗೆ. ಹಳದಿ ಕೆಂಪು ಲಂಗ ಹೊಲಿಸಿದೆ, ನಾಯಿಮರಿಯ ಪದ್ಯ ಒಪ್ಪಿಸುವುದೆಂದು ಗೊತ್ತು ಮಾಡಿದೆ.

ಗುಜರಾತಿಯ ಎ, ಒ ಸ್ವರಗಳಲ್ಲಿ ನಮ್ಮ ಹಾಗೆ ಹ್ರಸ್ವ–ದೀರ್ಘದ ವ್ಯತ್ಯಾಸ ಇಲ್ಲ. ಅಲ್ಲಿ ಬೆಳೆದ ಕಿವಿಗೆ 'ಬೇಕು' ಮತ್ತು 'ಬೆಕ್ಕು' ಅಕ್ಕಪಕ್ಕದ ಮನೆಯವು. ರಾಜರತ್ನಂ ಅವರ ನಾಯಿಮರಿ ಏನೇನೋ ಬೇಕೆಂದು ಕೇಳುವ ಮರಿ. ತಿಂಡಿ ಸಾಲದೆಂದು ತೀರ್ಥವನ್ನೂ ಕೇಳುತ್ತದೆ. ಅದು ಬೇಕು ಎಂದಲ್ಲೆಲ್ಲ ನಮ್ಮ ಮಗು ಬೆಕ್ಕು ಅಂದಳು. ಮುಂದಿನ ಸಾಲಿನಲ್ಲಿದ್ದವರು ಗೊಳ್ಳೆಂದರು. ಎರಡನೆಯ ಬಾರಿ ಇನ್ನೂ ಜೋರಾಗಿ. ಯಾರೋ ಪುಣ್ಯಾತ್ಮರು ಕೂತಲ್ಲಿಂದಲೇ "ಬೆಕ್ಕಲ್ಲ ಮರಿ, ಬೇಕು, ಬೇ... ಬೇ..." ಎಂದು ತಿದ್ದಿದರು. ನಾನೂ ಪರದೆಯ ಪಕ್ಕದಲ್ಲಿ ನಿಂತು ತುಟಿ ಆಡಿಸುತ್ತಿದ್ದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ನಾನೂ ನಗುತ್ತಿದ್ದೆ. ಅವಳು ಪದ್ಯ ನಿಲ್ಲಿಸಿದಳು. ಆಮೇಲೆ ನನ್ನ ಮುಂದೆ ಯಾವ ಕನ್ನಡ ಪದ್ಯವನ್ನೂ ಹೇಳಲಿಲ್ಲ.

ಜನ ಕೆಟ್ಟವರಲ್ಲ. ಮುದ್ದಿಗೆ ನಕ್ಕರು. ಆದರೆ ಐದು ವರ್ಷದವಳಿಗೆ ಮುದ್ದಿನ ನಗು, ಆಡಿಕೊಳ್ಳುವ ನಗು ಎಂಬ ವಿಂಗಡಣೆ ಗೊತ್ತಿರುವುದಿಲ್ಲ. ಅವಳ ಪಾಲಿಗೆ ನಾವೆಲ್ಲ ದಲಪತರಾಮರ ಒಂಟೆಗಳು. ಅವಳ ಒಂದು ಡೊಂಕನ್ನು ಎಣಿಸಿದೆವು. ನಮ್ಮ ಹದಿನೆಂಟನ್ನು ಹೇಳುವ ನರಿ ಅಲ್ಲಿರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ವಡೋದರದಲ್ಲಿರುವ ನಾನು ಇವತ್ತಿಗೂ ಗುಜರಾತಿ ಮಾತನಾಡುವಾಗ ಚಹಾ ಹೆಣ್ಣೋ ಗಂಡೋ ಎಂದು ತಡವರಿಸುತ್ತೇನೆ. ನಮ್ಮ ಭಾಷೆಯಲ್ಲಿ ಚಹಾ ಬರೀ ಚಹಾ. ಅಂಗಡಿಯವನು ನಗದೆ ಚಹಾಪುಡಿ ಕೊಡುತ್ತಾನೆ. ಅವನ ಆ ಸೌಜನ್ಯದಿಂದಲೇ ನನಗೆ ಇಷ್ಟು ಗುಜರಾತಿ ಬಂದದ್ದು.

ಮಕ್ಕಳ ಹಾಸ್ಯಪದ್ಯದ ವಿಚಾರದಲ್ಲಿ ನನ್ನ ವಾದ ಇಷ್ಟೇ. ಇಲ್ಲಿ ಎರಡು ನಗು ಇವೆ. ಒಂದು, ಮಗು ಪ್ರಾಣಿಯ ಬಾಯಿ ತೊಟ್ಟುಕೊಂಡು ನಗುವ ನಗು. ಇನ್ನೊಂದು, ಪ್ರಾಣಿಯ ಬಾಯಿ ತೊಟ್ಟ ಮಗುವನ್ನು ನೋಡಿ ನಾವು ನಗುವ ನಗು. ಮೊದಲನೆಯದು ಭಾಷೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಎರಡನೆಯದು ಬಾಗಿಲು ಹಾಕಿಸುತ್ತದೆ. ವಲಸೆ ಬಂದ ನಮ್ಮಂಥವರ ಮನೆಗಳಲ್ಲಿ ಕನ್ನಡ ಪದ್ಯ ಬಹುಪಾಲು ಪ್ರದರ್ಶನದ ವಸ್ತು. ಅತಿಥಿಗಳು ಬಂದಾಗ, ವಿಡಿಯೋ ಕರೆಯಲ್ಲಿ, ನವೆಂಬರ್ ತಿಂಗಳಲ್ಲಿ ಹೊರಗೆ ತೆಗೆಯುವ ಬೆಳ್ಳಿ ತಟ್ಟೆ. ಇದೇ ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಕಟ್ಟಿದ ಗಿಜುಭಾಯಿ ಬಧೇಕಾ ವಕೀಲಿ ಬಿಟ್ಟು ಮಕ್ಕಳ ಜೊತೆ ಕೂತವರು. ಜನ ಅವರನ್ನು 'ಮೂಛಾಳಿ ಮಾ', ಮೀಸೆಯ ಅಮ್ಮ ಎಂದು ಕರೆದರು. ಅವರ 'ದಿವಾಸ್ವಪ್ನ' ಗಿಳಿಪಾಠ ಒಪ್ಪದ ಮೇಷ್ಟ್ರೊಬ್ಬನ ಕಥನ. ಆ ಪುಸ್ತಕವನ್ನು ನಾನು ವೇದಿಕೆಯ ಪ್ರಸಂಗಕ್ಕೆ ಮೊದಲೇ ಓದಿ ತಲೆದೂಗಿದ್ದೆ ಎಂಬುದನ್ನು ನೆನೆದರೆ ನಾಚಿಕೆಯಾಗುತ್ತದೆ.

ಎರಡನೆಯ ಪ್ರಾಣಿ ನಮ್ಮೂರು ವಡೋದರದ್ದು. ಊರಿನ ನಟ್ಟನಡುವೆ ವಿಶ್ವಾಮಿತ್ರಿ ನದಿ. ಅದರ ತುಂಬ ಮೊಸಳೆ. 1879ರಲ್ಲಿ ಸಯಾಜಿರಾವ್ ಮಹಾರಾಜರು ಮಾಡಿಸಿದ ಕಮಾಟಿಬಾಗ್ ಉದ್ಯಾನದ ಪಕ್ಕದಲ್ಲೇ ಹರಿಯುತ್ತದೆ. ಟಿಕೆಟ್ ಕೊಟ್ಟು ಮೃಗಾಲಯದಲ್ಲಿ ಪ್ರಾಣಿ ನೋಡಿ ಬಂದವರು ಸೇತುವೆಯ ಮೇಲಿಂದ ಪುಕ್ಕಟೆ ಮೊಸಳೆ ನೋಡಬಹುದು. 2024ರ ಆಗಸ್ಟ್ ಕೊನೆಯಲ್ಲಿ ನೆರೆ ಬಂದಾಗ ಮೊಸಳೆಗಳು ಜನವಸತಿಗಳೊಳಗೆ ಬಂದವು. ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಹಾಲು ಬಂತೇ ಎಂಬ ಪ್ರಶ್ನೆಯ ಕೆಳಗೇ ಪಕ್ಕದ ರಸ್ತೆಯ ಮೊಸಳೆಯ ಫೋಟೋ ಇತ್ತು.

ಗುಜರಾತಿ ಶಿಶುಪದ್ಯವೊಂದರಲ್ಲಿ ದಪ್ಪನೆಯ ಬೆಕ್ಕೊಂದು ಸೀರೆಯುಟ್ಟು ತಿರುಗಾಡಲು ಹೋಗಿ, ಕೆರೆಗೆ ಈಜಲು ಇಳಿಯುತ್ತದೆ. ಕೆರೆಯಲ್ಲಿ ಮೊಸಳೆ. ಸೀರೆಯ ಸೆರಗು ಬಿಚ್ಚಿ ಮೊಸಳೆಯ ಬಾಯಿಗೆ ಸಿಕ್ಕುತ್ತದೆ. ಮೊಸಳೆ ಬೆಕ್ಕನ್ನು ನುಂಗುತ್ತದೆ. ಪದ್ಯ ಮುಗಿಯಿತು. ಇಲ್ಲಿನ ಅಂಗನವಾಡಿಯ ಮಕ್ಕಳಿಗೂ ಇದು ಗೊತ್ತು. ನೆರೆಯ ಸಮಯದಲ್ಲಿ ಮೊಮ್ಮಗಳು ಅಹಮದಾಬಾದಿನಿಂದ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ, "ಅಜ್ಜಿ, ನಿಮ್ಮ ರಸ್ತೆಯ ಮೊಸಳೆಯ ಬಾಯಲ್ಲಿ ಸೀರೆ ಇತ್ತಾ?"

ನನ್ನ ಮಗಳಿಗೆ ಈ ಕೊನೆ ಹಿಡಿಸುವುದಿಲ್ಲ. ಬೆಕ್ಕು ಈಜಿ ದಡ ಸೇರಿತು ಎಂದು ತಿದ್ದಿ ಹೇಳುತ್ತಾಳೆ. ಮಗು ಪ್ರತಿ ಸಲವೂ "ಇಲ್ಲ, ನುಂಗಿತು" ಎಂದು ಹಟ ಹಿಡಿಯುತ್ತದೆ. ನಾನು ಮಗುವಿನ ಪಕ್ಷ. ಬೆಕ್ಕು ಉಳಿದರೆ ಅದು ಈಜಿನ ಪಾಠ, ಮೊಸಳೆ ನುಂಗಿದರೆ ಮಾತ್ರ ಪದ್ಯ. ಸೀರೆಯುಟ್ಟ ಬೆಕ್ಕಿನ ಗತ್ತು ಎಷ್ಟು ಏರಿತ್ತೋ ಅಷ್ಟೇ ರಭಸದಲ್ಲಿ ಇಳಿಯಬೇಕು. ಮಗು ಇಲ್ಲಿ ಸಾವನ್ನು ನೋಡಿ ನಗುತ್ತಿಲ್ಲ. ತನ್ನ ಬಾಯಲ್ಲಿ, ತನ್ನ ತಾಳದಲ್ಲಿ, ಬೇಕಾದಾಗ ಮತ್ತೆ ಮೊದಲಿನಿಂದ ಶುರುಮಾಡಬಹುದಾದ ಭಯವನ್ನು ನೋಡಿ ನಗುತ್ತಿದೆ. ನುಂಗಿಸಿಕೊಂಡ ಬೆಕ್ಕು ಮುಂದಿನ ಕ್ಷಣದಲ್ಲೇ ಮತ್ತೆ ಸೀರೆ ಉಡುತ್ತದೆ.

ಇದರ ಪಕ್ಕದಲ್ಲಿ ಪಂಜೆ ಮಂಗೇಶರಾಯರ (1874–1937) ಹಾವಿನ ಹಾಡನ್ನು ಇಟ್ಟು ನೋಡಿ. ಬಂಟ್ವಾಳದಲ್ಲಿ ಹುಟ್ಟಿ, ಮೇಷ್ಟ್ರಾಗಿ, ಶಾಲಾ ಇನ್ಸ್ಪೆಕ್ಟರಾಗಿ ದುಡಿದು, 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲಕ್ಕೆ ಕಾರಣರಾದ ಪಂಜೆಯವರಿಗೆ ದಕ್ಷಿಣ ಕನ್ನಡದ ಮನೆಯಂಗಳದ ಹಾವು ಗೊತ್ತಿತ್ತು. ಹಾಡು ನಾಗರಹಾವಿಗೆ ಕೈ ಮುಗಿದು, ಹಾಲು ಕೊಡುವೆನೆಂದು ಆಸೆ ತೋರಿಸಿ, ಬಾ ಬಾ ಎಂದು ಕರೆಯುತ್ತ ಶುರುವಾಗುತ್ತದೆ. ನಡುವೆ ನಾಲಗೆ ಎರಡೇಕೆ ಎಂಬಂಥ ಮಕ್ಕಳ ತನಿಖೆ ನಡೆಯುತ್ತದೆ. ಕೊನೆಗೆ ಅದೇ ಬಾಯಿ ಅದೇ ಹಾವನ್ನು ಹೊರಗೆ ಅಟ್ಟುತ್ತದೆ. ಶಾಲೆಯಲ್ಲಿ ನಮಗೆ ಇದನ್ನು ಭಕ್ತಿ, ಪ್ರಕೃತಿಪ್ರೇಮ ಎಂದೆಲ್ಲ ಕಲಿಸಿದರು. ಆದರೆ ದೂರದಲ್ಲಿದ್ದಾಗ ಬಾ, ಹತ್ತಿರ ಬಂದಾಗ ಹೋಗು ಎನ್ನುವುದು ಶುದ್ಧ ಹಾಸ್ಯ. ನಮ್ಮ ಎಲ್ಲರ ಭಕ್ತಿಯ ಒಳಗೂ ಇರುವ ಪುಕ್ಕಲುತನವನ್ನು ಪಂಜೆ ಮಕ್ಕಳ ಕೈಗೆ ಆಟಿಕೆಯಾಗಿ ಕೊಟ್ಟಿದ್ದಾರೆ. ನಾಲ್ಕು ಮಾತ್ರೆಯ ಆ ನಡೆ ಹಾವಿನ ಹರಿದಾಟವೂ ಹೌದು, ಹಿಂದೆ ಹಿಂದೆ ಸರಿಯುವ ಹುಡುಗನ ಹೆಜ್ಜೆಯೂ ಹೌದು.

ನೆರೆ ಇಳಿದ ಮೇಲೆ ಮೊಮ್ಮಗಳು ಬಂದಾಗ ನಾನು ಹಾಡು ಹೇಳಿಸಲಿಲ್ಲ. ಅವಳು ಬಟ್ಟೆ ಒಣಹಾಕುವ ಹಗ್ಗವನ್ನು ಮೊಸಳೆ ಮಾಡಿಕೊಂಡು ಆಡುತ್ತಿದ್ದಾಗ, ನಾನು ಅದನ್ನೇ ಹಾವೆಂದು ತಿಳಿದು ಪಂಜೆಯವರ ಹಾಡು ಹಾಡುತ್ತ ಹತ್ತಿರ ಹೋದೆ. ಕೊನೆಯ ಭಾಗದಲ್ಲಿ ನಿಜವಾಗಿ ಹೆದರಿದವಳ ಹಾಗೆ ಸೋಫಾದ ಮೇಲೆ ಹತ್ತಿ ನಿಂತೆ. ಅರವತ್ತೆರಡು ವರ್ಷದ ಹೆಂಗಸು ಸೋಫಾ ಹತ್ತಿದ್ದು ಅವಳಿಗೆ ಸಾಕಾಯಿತು. ನನ್ನನ್ನು ಮತ್ತೆ ಮತ್ತೆ ಹತ್ತಿಸಿದಳು. ಐದನೆಯ ಸಲಕ್ಕೆ ಹಾವನ್ನು ಅಟ್ಟುವ ಮಾತು ಅವಳ ಬಾಯಿಂದಲೇ ಬಂತು. ಈ ಸಲ ನಗೆಪಾಟಲಾದವಳು ನಾನು. ಅದೇ ಸರಿಯಾದ ಏರ್ಪಾಡು ಎಂದು ಈಗ ಅನಿಸುತ್ತದೆ. ಯಾರ ಡೊಂಕನ್ನಾದರೂ ಎಣಿಸಲೇಬೇಕಾದರೆ ಅದು ದೊಡ್ಡವರದ್ದಾಗಿರಲಿ.

ನಾಯಿಮರಿಗೂ ಹೀಗೆಯೇ ಬಿಡುಗಡೆ ಸಿಕ್ಕಿತು. ಒಂದು ಮಧ್ಯಾಹ್ನ ನಾನೇ ಬೇಕೆಂದು ತಪ್ಪು ಹೇಳಿದೆ. ನಮ್ಮ ನಾಯಿಮರಿಗೆ ತಿಂಡಿಯ ಬದಲು ಬೆಕ್ಕೇ ಸಿಕ್ಕಿತು, ಮನೆಯಲ್ಲಿ ಮೂರನೆಯ ಮಹಾಯುದ್ಧವಾಯಿತು. ಅವಳು ಸೊಂಟದ ಮೇಲೆ ಕೈ ಇಟ್ಟು, "ಬೆಕ್ಕಲ್ಲ ಅಜ್ಜಿ, ಬೇಏಏಕು!" ಎಂದು ನನ್ನನ್ನು ತಿದ್ದಿದಳು. ದೀರ್ಘ ಎಷ್ಟು ದೀರ್ಘವಾಗಿತ್ತೆಂದರೆ ಕೆಳಗಿನ ಮನೆಯವರಿಗೂ ಕೇಳಿಸಿರಬೇಕು.

ಮೂರನೆಯ ಪ್ರಾಣಿ ಸೂರತ್ತಿನದ್ದು. ಇಲ್ಲಿ ವಿಷಯ ಅಷ್ಟು ಸುಲಭವಿಲ್ಲ. ನನ್ನ ಅಕ್ಕ ಮದುವೆಯಾಗಿ ಬಂದಾಗಿನಿಂದ ಸೂರತ್ತಿನಲ್ಲಿದ್ದಾಳೆ. ಭಾವ ಬಟ್ಟೆ ಗಿರಣಿಯಲ್ಲಿದ್ದವರು. ಈ ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಅಲ್ಲಿಗೆ ಕರೆದೊಯ್ದಾಗ, ಅಕ್ಕಪಕ್ಕದ ಎರಡು ಕನ್ನಡ ಮನೆಗಳ ಮಕ್ಕಳೂ ಸೇರಿ ಐದು ಜನರಾದರು. ನಾನು ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಓದಲು ತೆಗೆದೆ. "ಇಲಿ ಪದ್ಯ ಬೇಡ್ವೇ, ಬೇರೆ ಏನಾದ್ರೂ ಓದು" ಅಂದಳು ಅಕ್ಕ.

ನನಗೆ ತಕ್ಷಣ ಹೊಳೆಯಲಿಲ್ಲ. 1994ರ ಸೆಪ್ಟೆಂಬರಿನಲ್ಲಿ ಸೂರತ್ತಿಗೆ ಪ್ಲೇಗು ಬಂತು. ಅದಕ್ಕೆ ಸ್ವಲ್ಪ ಮೊದಲು ನೆರೆ ಬಂದಿತ್ತು, ಬೀದಿಗಳಲ್ಲಿ ಕಸ ಕೊಳೆಯುತ್ತಿತ್ತು. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಊರು ಬಿಟ್ಟರು. ಔಷಧಿ ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಸಿಗದಾಯಿತು. ಅಕ್ಕ ಆರು ವರ್ಷದ ಮಗನ ಮೂಗಿಗೆ ಸೆರಗು ಕಟ್ಟಿ, ಗಾಡಿಯ ಕಿಟಕಿಯಿಂದ ಅವನನ್ನು ಒಳಗೆ ತಳ್ಳಿ, ಶಿವಮೊಗ್ಗಕ್ಕೆ ಬಂದಿದ್ದಳು. ಭಾವ ಮನೆ ಕಾಯಲು ಉಳಿದಿದ್ದರು. ಮರುವರ್ಷ ಎಸ್.ಆರ್. ರಾವ್ ಪಾಲಿಕೆಯ ಕಮಿಷನರ್ ಆಗಿ ಬಂದು ಊರನ್ನು ಗುಡಿಸಿ ತೊಳೆಸಿದ್ದು ಈಗ ಎಲ್ಲರೂ ಹೆಮ್ಮೆಯಿಂದ ಹೇಳುವ ಕತೆ. ಆದರೆ ಅಕ್ಕನಿಗೆ ಇಲಿ ಎಂದರೆ ಇವತ್ತಿಗೂ ಇಲಿ ಮಾತ್ರ ಅಲ್ಲ.

ಹಾಗಾದರೆ ಇಲಿಯ ಬಗ್ಗೆ ನಗಬಾರದೇ? ಈ ಪದ್ಯದ ವಂಶಾವಳಿ ನೋಡಿದರೆ ಬೇರೆಯೇ ಉತ್ತರ ಸಿಗುತ್ತದೆ. ಇಂಗ್ಲಿಷಿನಲ್ಲಿ ರಾಬರ್ಟ್ ಬ್ರೌನಿಂಗ್ ಹ್ಯಾಮೆಲಿನ್ ಊರಿನ ಕೊಳಲಿನವನ ಪದ್ಯವನ್ನು 1842ರಲ್ಲಿ ಬರೆದದ್ದು ಕಾಯಿಲೆಯಿಂದ ಮನೆಯಲ್ಲೇ ಉಳಿದ ಗೆಳೆಯನ ಮಗನಿಗಾಗಿ. ಆ ಹುಡುಗ ಚಿತ್ರ ಬರೆಯಲಿ, ಹೊತ್ತು ಹೋಗಲಿ ಎಂದು. ಕುವೆಂಪು ಅದನ್ನು ತುಂಗಾ ತೀರಕ್ಕೆ ತಂದು, ಕೊಳಲಿನವನನ್ನು ಕಿಂದರಿಯ ಜೋಗಿ ಮಾಡಿದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು, ಆಮೇಲೆ ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳು ಬೆಳೆದವು. ಮುಂದೆ ಎಷ್ಟೋ ವರ್ಷ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇಲಿ ಬಿದ್ದಿತೆಂದರೆ ಜನ ಮನೆ ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಕಿಂದರಿಜೋಗಿಯನ್ನು ಮೊದಲು ಓದಿದ ಕನ್ನಡದ ಮಕ್ಕಳ ಮನೆಗಳಲ್ಲಿ ಆ ನೆನಪು ಇನ್ನೂ ಹಸಿಯಾಗಿಯೇ ಇತ್ತು. ಅಂದರೆ ಈ ನಗು ಭಯ ಗೊತ್ತಿಲ್ಲದವರ ನಗುವಲ್ಲ.

ಆ ಭಯವನ್ನು ಕುವೆಂಪು ಏನು ಮಾಡಿದರು ಎಂಬುದೇ ಈ ಪದ್ಯದ ದೊಡ್ಡ ಸಾಧನೆ. ಇಲಿಗಳ ದಂಡು ಬರುವಾಗ ಅವರು ಸಂಖ್ಯೆ ಹೇಳುವುದಿಲ್ಲ, ನೆಂಟಸ್ತಿಕೆ ಹೇಳುತ್ತಾರೆ. ಅಣ್ಣ, ತಂಗಿ, ಮಾವ, ಭಾವ, ಹೀಗೆ ಒಂದೊಂದು ಬಂಧುವಿನ ಹೆಸರಿಗೂ ಇಲಿಯನ್ನು ಅಂಟಿಸಿ, ಎರಡು ಪದವನ್ನು ಒಂದು ಮಾಡಿ, ಮೆರವಣಿಗೆ ಹೊರಡಿಸುತ್ತಾರೆ. ಹೆಸರಿಲ್ಲದ ಪಿಡುಗು ನೋಡುತ್ತ ನೋಡುತ್ತ ಮದುವೆಯ ದಿಬ್ಬಣವಾಗುತ್ತದೆ. ಬ್ರೌನಿಂಗನ ಇಲಿಗಳಿಗೂ ಸಂಸಾರವಿದೆ. ಆದರೆ ಕನ್ನಡದ ಸಂಧಿ ಅವನಿಗೆ ಇರಲಿಲ್ಲ. ಸ್ವರ ಲೋಪವಾಗಿ ಮನುಷ್ಯ ಎಲ್ಲಿ ಮುಗಿದ, ಇಲಿ ಎಲ್ಲಿ ಶುರುವಾಯಿತು ಎಂದೇ ತಿಳಿಯದ ಹಾಗೆ ಬೆಸೆಯುವ ಈ ತಮಾಷೆ ನಮ್ಮ ಭಾಷೆಯದು.

ಅಕ್ಕನ ಮಾತು ಮೀರಿ ಓದಲೋ ಬೇಡವೋ ಎಂದು ನಾನು ಪುಸ್ತಕ ಮಡಚುತ್ತಿದ್ದಾಗ, ಅಕ್ಕನೇ ಒಳಗಿನಿಂದ ಬಂದು ಕುರ್ಚಿಯಲ್ಲಿ ಕೂತಳು. "ಓದು, ಮಕ್ಕಳಿಗೇನು ಗೊತ್ತು" ಅಂದಳು. ಇಲಿಗಳ ಮೆರವಣಿಗೆ ಬಂತು. ಐದೂ ಮಕ್ಕಳು ಕೈಕಾಲು ಊರಿ ನೆಲದ ಮೇಲೆ ಓಡಾಡತೊಡಗಿದರು. ನನ್ನ ಪಟ್ಟಿ ಮುಗಿಯಿತು. ಅವರದ್ದು ಮುಗಿಯಲಿಲ್ಲ. ಮೊಮ್ಮಗಳು ಒಂದು ಕ್ಷಣ ನಿಂತು ಯೋಚಿಸಿ, "ಫೋಯಿಲಿ!" ಎಂದು ಕೂಗಿದಳು.

ಫೋಯಿ ಎಂದರೆ ಗುಜರಾತಿಯಲ್ಲಿ ಸೋದರತ್ತೆ. ಅವಳಿಗೆ ಬಲು ಪ್ರಿಯಳಾದ, ಪ್ರತಿ ಭಾನುವಾರ ಚಾಕಲೇಟು ತರುವ ಅತ್ತೆಯೊಬ್ಬಳು ಇದ್ದಾಳೆ. ಫೋಯಿ ಮತ್ತು ಇಲಿ ಸೇರಿ ಫೋಯಿಲಿ. ಆಮೇಲೆ ಕಾಕಿಲಿ ಬಂತು, ಮಾಸಿಲಿ ಬಂತು, ದಾದಾ ಹೋಗಿ ದಾದಿಲಿ ಆಯಿತು. ಲೋಪಸಂಧಿ ಎಂದರೇನೆಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ನನಗೆ ಹೈಸ್ಕೂಲಿನಲ್ಲಿ ಬೆತ್ತದ ಏಟು ತಿಂದು ಬಂದ ಸೂತ್ರವನ್ನು ಅವಳು ಗುಜರಾತಿ ಪದಗಳ ಮೇಲೆ, ನೆಲದ ಮೇಲೆ ತೆವಳುತ್ತ, ಒಂದೂ ತಪ್ಪಿಲ್ಲದೆ ನಡೆಸಿದಳು. ಪದ ಗುಜರಾತಿಯದು, ಬೆಸುಗೆ ಕನ್ನಡದ್ದು. ಅವಳಿಗೆ ಕನ್ನಡ ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ಇನ್ನು ಮುಂದೆ ನಾನು ಪದ್ಯ ಹೇಳಿಸುವುದಿಲ್ಲ, ಈ ಪ್ರಸಂಗ ಹೇಳುತ್ತೇನೆ.

ಆಗ ಅಕ್ಕ, "ನಾನು ಯಾವ ಇಲಿಯೇ ಮರಿ?" ಅಂದಳು. ಮಕ್ಕಳೆಲ್ಲ ಒಟ್ಟಿಗೆ, "ದೊಡ್ಡಜ್ಜಿಲಿ!" ಅಕ್ಕ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಅವಳ ಪ್ಲೇಗಿನ ನೆನಪು ಅಂದು ಹೋಯಿತು ಎಂದು ನಾನು ಹೇಳುವುದಿಲ್ಲ. ಪದ್ಯಕ್ಕೆ ಅಷ್ಟು ಶಕ್ತಿಯಿಲ್ಲ. ರಾತ್ರಿ ಅವಳು ಎಂದಿನಂತೆ ಅಡಿಗೆಮನೆಯ ಬಾಗಿಲ ಸಂದಿಗೆ ಬಟ್ಟೆ ತುರುಕಿಯೇ ಮಲಗಿದಳು. ಆದರೆ ಪದ್ಯ ಪೂರ್ತಿ ಓದಿಸಿದಳು. ಗೌಡ ಕೊಟ್ಟ ಮಾತಿಗೆ ತಪ್ಪಿದ್ದು, ಜೋಗಿ ಮಕ್ಕಳನ್ನು ಕರೆದೊಯ್ದದ್ದು, ಒಬ್ಬ ಕುಂಟ ಹುಡುಗ ಹಿಂದೆ ಉಳಿದದ್ದು, ಎಲ್ಲವನ್ನೂ. ಆ ಭಾಗದಲ್ಲಿ ಯಾವ ಮಗುವೂ ನಗಲಿಲ್ಲ. ನಗಿಸಿ ಕರೆದುಕೊಂಡು ಹೋಗಿ ಅಳುವಿನ ಬಾಗಿಲಲ್ಲಿ ಬಿಡುವ ಪದ್ಯವನ್ನು ಮಕ್ಕಳು ದೂರುವುದಿಲ್ಲ. ದೂರುವವರು ನಾವು.

ಇನ್ನು, ನಮ್ಮ ಮನೆಗಳ ಬಗ್ಗೆ ಎರಡು ಮಾತು. ಹೊರನಾಡ ಮಕ್ಕಳಿಗೆಂದು ನಾವು ಆಯ್ದುಕೊಡುವ ಪದ್ಯಗಳಲ್ಲಿ ಪುಣ್ಯಕೋಟಿಯದೇ ದೊಡ್ಡ ಪಾಲು. ಅದರ ದೊಡ್ಡತನದ ಬಗ್ಗೆ ನನಗೆ ಅನುಮಾನವಿಲ್ಲ. ಅದನ್ನು ಕೇಳಿ ಅತ್ತವರಲ್ಲಿ ನಾನೂ ಒಬ್ಬಳು. ಆದರೆ ಭಾಷೆಯ ಹೊಸ್ತಿಲಲ್ಲಿ ನಿಂತ ಮಗುವಿಗೆ ಮೊದಲು ಬೇಕಾದದ್ದು ಸತ್ಯಸಂಧ ಹಸುವಲ್ಲ, ತೀರ್ಥ ಕೇಳುವ ನಾಯಿ. ಮಳೆಯಲ್ಲಿ ನೆನೆದು ಬಾಗಿಲು ಬಡಿಯುವ ಕಾಗಕ್ಕ, ಬಾಗಿಲು ತೆಗೆಯಲು ನೂರು ನೆಪ ಹೇಳುವ ಗುಬ್ಬಕ್ಕ. ಅಳುವಿಗೆ ಅರ್ಥ ತಿಳಿದಿರಬೇಕು, ನಗುವಿಗೆ ಸದ್ದು ಸಾಕು. ಅರ್ಥ ಆಮೇಲೆ ತಾನಾಗಿ ಬರುತ್ತದೆ. ಪದ್ಯ ಮುಗಿದ ಕೂಡಲೇ "ತಗಡು ಅಂದ್ರೆ ಏನು? ತೀರ್ಥ ಅಂದ್ರೆ ಏನು?" ಎಂದು ಪರೀಕ್ಷೆ ಮಾಡಿದರೆ ಅದೂ ಬರುವುದಿಲ್ಲ. ಮೊಬೈಲಿನ ಚಲಿಸುವ ಚಿತ್ರಗಳ ಬಗ್ಗೆಯೂ ನನ್ನ ತಕರಾರು ಇಷ್ಟೇ: ಅಲ್ಲಿ ಆನೆಯ ಸೊಂಡಿಲನ್ನು ಪರದೆಯೇ ಆಡಿಸಿಬಿಡುತ್ತದೆ, ಮಗುವಿನ ಕೈಗೆ ಕೆಲಸ ಉಳಿಯುವುದಿಲ್ಲ.

ಬರೆಯುವವರ ಬಗ್ಗೆಯೂ ಒಂದು ಮಾತು. ವಲಸಿಗರಾದ ನಾವು ಮಕ್ಕಳಿಗೆ ಬರೆಯುವಾಗ ಮಲೆನಾಡಿನ ಮಳೆ, ಅಜ್ಜನ ತೋಟ, ಕನ್ನಡಮ್ಮನ ಬಾವುಟ ಎನ್ನುತ್ತೇವೆ. ಅದೆಲ್ಲ ನಮ್ಮ ಹಂಬಲ, ಅವರದ್ದಲ್ಲ. ಅವರ ರಸ್ತೆಯಲ್ಲಿ ಒಂಟೆಗಾಡಿ ಹೋಗುತ್ತದೆ, ನದಿಯಲ್ಲಿ ಮೊಸಳೆ ಬಿಸಿಲು ಕಾಯುತ್ತದೆ, ಕಚ್ಛದ ಚಿಕ್ಕ ರಣದಲ್ಲಿ ಕಾಡುಕತ್ತೆ ಓಡುತ್ತದೆ. ಇವು ಇನ್ನೂ ನಮ್ಮ ಕನ್ನಡದಲ್ಲಿ ತಮಾಷೆ ಮಾಡಿಲ್ಲ. ಪಂಜೆ ತಮ್ಮ ಅಂಗಳದ ಹಾವನ್ನು ಹಾಡಿದರು. ನಮ್ಮ ಅಂಗಳ ಈಗ ಇದು.

ಮೊಮ್ಮಗಳು ಇವತ್ತಿಗೂ ನನ್ನ ಕನ್ನಡದ ಪ್ರಶ್ನೆಗೆ ಹತ್ತಕ್ಕೆ ಎಂಟು ಸಲ ಗುಜರಾತಿಯಲ್ಲೇ ಉತ್ತರ ಕೊಡುತ್ತಾಳೆ. ಮೊನ್ನೆ ರಾತ್ರಿ ಫೋನಿನಲ್ಲಿ ಮಾತ್ರ ಕನ್ನಡದಲ್ಲೇ ಕೇಳಿದಳು: "ಅಜ್ಜಿ, ಕರಡಿ ಮಾಮ. ಮಂಗ ಅಣ್ಣ. ಕಾಗೆ ಅಕ್ಕ. ಒಂಟೆ ಯಾರು?"

ನಾನು ಸುಮ್ಮನಾದೆ. ಕನ್ನಡದಲ್ಲಿ ಒಂಟೆಗೆ ಯಾವ ನೆಂಟಸ್ತಿಕೆಯೂ ಇದ್ದ ಹಾಗೆ ನೆನಪಾಗಲಿಲ್ಲ. ನಾಳೆ ಹೇಳುತ್ತೇನೆ ಎಂದಿದ್ದೇನೆ. ಅವಳು ಮರೆಯುವ ಪೈಕಿ ಅಲ್ಲ. ಓದುಗರಲ್ಲಿ ಯಾರಿಗಾದರೂ ಹೊಳೆದರೆ ದಯವಿಟ್ಟು ಬೇಗ ತಿಳಿಸಿ.